ಹುಡುಗನನ್ನು ಪಂಜು ಮಾಡುವ ಮುನ್ನ

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ಕೇರಿಯ ಹದಿನೈದರ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಕೇಸಾಯಿತು, ಪೇಪರಿನಲ್ಲಿ ಬಂತು. ಕವನ ಬರೆಯುವ ನಾವು ಏನು ಮಾಡಿದೆವು? ಕವನ ಬರೆದೆವು. ಅವುಗಳಲ್ಲಿ ಹುಡುಗ ಪಂಜಾದ, ಸಿಡಿಲಾದ, ಕತ್ತಿಯಾದ. ಮುಟ್ಟಿದ ಆ ಕೈ ರಾತ್ರಿ ನಡುಗಿತೇನೋ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಇದು ನಮ್ಮ ಕಾವ್ಯದ ಮೇಲೆ ನಾವೇ ಹೊರಿಸಿಕೊಳ್ಳಬೇಕಾದ ಆರೋಪ. ಮೇಲುಜಾತಿಯ ಸಾಹಿತ್ಯ ಕೇರಿಯ ಮಗುವನ್ನು ಕನಿಕರದಿಂದ ನೋಡಿತು. ಬಂಡಾಯ ಆ ಕನಿಕರವನ್ನು ಒದ್ದು ಆಚೆ ಹಾಕಿತು. ಸರಿಯಾಗೇ ಮಾಡಿತು. ಆದರೆ ಕನಿಕರದ ಜೊತೆ ಅಕ್ಕರೆಯನ್ನೂ ಎಸೆದುಬಿಟ್ಟೆವಾ? ಕನಿಕರ ಮೇಲೆ ನಿಂತು ಬಗ್ಗಿ ನೋಡುತ್ತೆ. ಅಕ್ಕರೆ ಪಕ್ಕದಲ್ಲಿ ಬಂದು ನೆಲಕ್ಕೆ ಕೂರುತ್ತೆ. ನಮ್ಮ ಪದ್ಯಗಳಲ್ಲಿ ಕೇರಿಯ ಹುಡುಗ ಒಂದೋ ಹೆಣ, ಇಲ್ಲವೋ ಬೆಂಕಿ. ಹೆದರಿದ ಹುಡುಗನಿಗೆ ಜಾಗವಿಲ್ಲ. ಅವನ ಹೆಗಲ ಮೇಲೆ ಕೈಯಿಡುವ ದೊಡ್ಡವರಿಗಂತೂ ಇಲ್ಲವೇ ಇಲ್ಲ.

ಸಿದ್ಧಲಿಂಗಯ್ಯನವರನ್ನೇ ನೋಡಿ. 1975ರ 'ಹೊಲೆಮಾದಿಗರ ಹಾಡು' ಸಿಟ್ಟಿನ ಪುಸ್ತಕ. ಅದೇ ಕವಿ 'ಊರುಕೇರಿ'ಯಲ್ಲಿ ಹೆಗಲಿಗೆ ನೊಗ ಹೊತ್ತ ಅಪ್ಪನನ್ನು ಮಗುವಿನ ಕಣ್ಣಿಂದ ಕಾಣಿಸುತ್ತಾರೆ, ನಗಿಸುತ್ತಲೂ ಹೋಗುತ್ತಾರೆ. ಅಲ್ಲಿ ಹಸಿವಿದೆ, ಭಯವಿದೆ, ಅದರ ನಡುವೆ ಸಾಕಿದ ದೊಡ್ಡವರೂ ಇದ್ದಾರೆ. ಆತ್ಮಕತೆಗೆ ದಕ್ಕಿದ್ದು ಕಾವ್ಯಕ್ಕೆ ಯಾಕೆ ದಕ್ಕಬಾರದು?

ದೊಡ್ಡವರೆಲ್ಲ ಕಾಯುವವರು ಅನ್ನುವ ಭ್ರಮೆ ನಮಗಿಲ್ಲ. 2023ರ ಡಿಸೆಂಬರಿನಲ್ಲಿ ಇದೇ ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು, ಪ್ರಾಂಶುಪಾಲರ ಬಂಧನವಾಯಿತು. ಕಾಯಬೇಕಾದವರೇ ಗುಂಡಿಗಿಳಿಸುವಾಗ ಮಗು ಯಾರ ಹತ್ತಿರ ಹೋಗಬೇಕು?

ನಾವು ಹೋದದ್ದು ಹಾಸ್ಟೆಲಿನ ಅಡುಗೆಮನೆಗೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ದಿನ ಕೆರೆ ದಾರಿ ಹಿಡಿದಿದ್ದೆವು. ಅಡುಗೆಯಕ್ಕ ಕರೆದು ಮುದ್ದೆ, ಬಸ್ಸಾರು ಇಟ್ಟಳು. "ಮೊದ್ಲು ಉಣ್ಣು ಮಗ, ಅಳೋದು ಆಮೇಲೆ" ಅಂದಳು. ಉಪದೇಶ ಮಾಡಲಿಲ್ಲ, ಅಂಬೇಡ್ಕರರಷ್ಟು ಓದಬೇಕು ಅಂತಲೂ ಅನ್ನಲಿಲ್ಲ. ಉಂಡು ಮುಗಿಸೋವರೆಗೆ ಎದುರಿಗೇ ಕೂತಿದ್ದಳು. ಸಪ್ಲಿಮೆಂಟರಿಗೆ ಕಟ್ಟಿದೆವು, ಪಾಸಾದೆವು, ಮನೆಗೇ ಮೊದಲ ಪದವೀಧರರಾದೆವು. ಇಲ್ಲಿವರೆಗೆ ಅವಳ ಮೇಲೆ ಒಂದು ಸಾಲೂ ಬರೆದಿಲ್ಲ. ಯಾಕೆಂದರೆ ಅವಳು ಘೋಷಣೆಗೆ ಒಗ್ಗುವುದಿಲ್ಲ.

ಕೋಲಾರದ ಮಗ್ಗುಲಿನ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ'ದಲ್ಲಿ ಮಕ್ಕಳೇ ರಂಗಕ್ಕೇರಿದರು, ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ಕೇಳಿಸಿತು. ಅಲ್ಲಿ ಮಗು ಇನ್ನೊಬ್ಬರ ಕವನದ ವಸ್ತುವಲ್ಲ, ತಾನೇ ಪಾತ್ರ ಕಟ್ಟುವವನು. ಕಾವ್ಯ ಕಲಿಯಬೇಕಾದ ಪಾಠ ಇದು.

ಗೆಳೆಯರೇ, ಮೇಷ್ಟ್ರುಗಳೇ, ನಾಳೆ ಇನ್ನೊಂದು ಹಳ್ಳಿಯಲ್ಲಿ ಇನ್ನೊಬ್ಬ ಹುಡುಗ ಏನನ್ನೋ ಮುಟ್ಟುತ್ತಾನೆ. ಸ್ಟೇಷನ್ನಿಗೆ ಅವನ ಜೊತೆ ಹೋಗೋಣ. ಮಾರನೆಯ ದಿನ ಶಾಲೆಗೂ ಜೊತೆಗೆ ಹೋಗೋಣ. ಮುಂದಿನ ತಿಂಗಳು, ಕ್ಯಾಮೆರಾಗಳೆಲ್ಲ ಹೋದ ಮೇಲೆ, ಮತ್ತೆ ಹೋಗಿ ಉಂಡೆಯಾ ಅಂತ ಕೇಳೋಣ. ಅವನನ್ನು ವೇದಿಕೆಗೆ ಎಳೆಯುವುದು ಬೇಡ. ಸಿಟ್ಟು ಅವನದು, ಸಮಯ ಬಂದಾಗ ಅವನೇ ಆಡುತ್ತಾನೆ. ಅಲ್ಲಿಯತನಕ ಅವನು ಮಗುವಾಗಿರಲಿ. ಪಂಜು ಹಿಡಿಯುವುದು ದೊಡ್ಡವರಾದ ನಮ್ಮ ಕೆಲಸ.