ಊರಿಲ್ಲದ ತಂಡಗಳು

ಆಟದ ಒಂದು ಸೀಸನ್ನನ್ನು ಕಾದಂಬರಿಯಂತೆ ಓದಬಹುದು ಎಂದು ನಂಬಿದವಳು ನಾನು. ಪಾತ್ರಗಳಿವೆ, ಕಾಲವಿದೆ, ಗೆಲ್ಲುತ್ತ ಹೋದವರು ಕೊನೆಗೆ ಮುಗ್ಗರಿಸುವ ತಿರುವುಗಳಿವೆ. ಈ ನಂಬಿಕೆಯಿಂದಲೇ ಕೆಲವು ವಾರಗಳಿಂದ ನಾನು ಒಂದು ಹಳೆಯ ಸೀಸನ್ನಿನ ಹಿಂದೆ ಬಿದ್ದಿದ್ದೇನೆ. 2016ರ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ, ಪುರುಷರ ಪ್ರೊ ಕಬಡ್ಡಿಯ ನಾಲ್ಕನೇ ಆವೃತ್ತಿಯ ನಡುವೆಯೇ ನಡೆದ ಮಹಿಳಾ ಕಬಡ್ಡಿ ಚಾಲೆಂಜ್ ಅದು. ಇದ್ದದ್ದು ಮೂರೇ ತಂಡ. ಫೈರ್ ಬರ್ಡ್ಸ್ ತಂಡಕ್ಕೆ ಕಾರ್ಕಳ ಕಡೆಯ ಮಮತಾ ಪೂಜಾರಿ ನಾಯಕಿ. ಸ್ಟಾರ್ಮ್ ಕ್ವೀನ್ಸ್‌ಗೆ ಬೆಂಗಳೂರಿನ ತೇಜಸ್ವಿನಿ ಬಾಯಿ. ಐಸ್ ದಿವಾಸ್‌ಗೆ ಮಹಾರಾಷ್ಟ್ರದ ಅಭಿಲಾಷಾ ಮ್ಹಾತ್ರೆ. ಮೂವರು ನಾಯಕಿಯರಲ್ಲಿ ಇಬ್ಬರು ಕನ್ನಡ ನಾಡಿನವರು. ಆ ಇಬ್ಬರ ತಂಡಗಳೇ ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್ ಆಡಿದವು. ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23.

ಕಾದಂಬರಿಕಾರ ಬರೆದಿದ್ದರೆ ಇಷ್ಟು ಅಚ್ಚುಕಟ್ಟು ಬೇಡಪ್ಪ ಎನ್ನುತ್ತಿದ್ದೆವು. ಇಬ್ಬರೂ 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು ಚಿನ್ನ ಗೆದ್ದವರು. ತೇಜಸ್ವಿನಿಗೆ 2011ರಲ್ಲಿ, ಮಮತಾಗೆ 2014ರಲ್ಲಿ ಅರ್ಜುನ ಪ್ರಶಸ್ತಿ. ಅಂಥ ಗೆಳತಿಯರು ಗೆರೆಯ ಆಚೆ ಈಚೆ ನಿಂತು ಒಂದು ಅಂಕಕ್ಕೆ ಹಣಾಹಣಿ ನಡೆಸಿದರು. ಹಾಗಿದ್ದೂ ಈ ಕಥೆ ನಮ್ಮ ನೆನಪಿನಲ್ಲಿ ಯಾಕೆ ಕೂರಲಿಲ್ಲ? ಸಿಂಧನೂರಿನ ನನ್ನ ತರಗತಿಯಲ್ಲಿ ಕಬಡ್ಡಿ ಎಂದರೆ ಜೀವ ಬಿಡುವ ಹುಡುಗರಿದ್ದಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿದ್ದು, ಆ ದಿನ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದದ್ದು ಅವರಿಗೆ ಬಾಯಿಪಾಠ. ಮಹಿಳೆಯರ ಫೈನಲ್ ನಡೆದಿತ್ತು ಎಂಬುದೇ ಒಬ್ಬರಿಗೂ ಗೊತ್ತಿರಲಿಲ್ಲ.

ಮಹಿಳೆಯರ ಆಟವನ್ನು ಯಾರು ನೋಡುತ್ತಾರೆ ಎಂಬುದು ಸುಲಭದ ಉತ್ತರ. ಅದು ನನಗೆ ಒಪ್ಪಿಗೆಯಿಲ್ಲ. ನನ್ನ ಅನುಮಾನ ಹೆಸರುಗಳ ಮೇಲಿದೆ.

ಪುರುಷರ ತಂಡಗಳ ಹೆಸರು ನೋಡಿ: ಬೆಂಗಳೂರು, ಪಾಟ್ನಾ, ಜೈಪುರ, ಪುಣೆ. ಮೊದಲು ಊರು, ಆಮೇಲೆ ಗೂಳಿಯೋ ಚಿರತೆಯೋ. ಮಹಿಳೆಯರಿಗೆ ಬಂದದ್ದು ಬೆಂಕಿ, ಮಂಜು, ಬಿರುಗಾಳಿ. ಜೊತೆಗೆ ಹಕ್ಕಿ, ರಾಣಿ. ಪಂಚಭೂತಗಳಲ್ಲಿ ಮಣ್ಣೊಂದನ್ನು ಬಿಟ್ಟು ಏನು ಬೇಕೋ ಅದನ್ನೆಲ್ಲ ಕೊಟ್ಟರು. ಮಣ್ಣಿನಲ್ಲಿ ಹುಟ್ಟಿದ ಆಟಕ್ಕೆ! ನಮ್ಮ ಕಡೆ ಊರಿನ ಹೆಸರು ಮುಂದೆ ಸೇರದೆ ಯಾವುದೂ ಪೂರ್ತಿಯಾಗುವುದಿಲ್ಲ. ಸಿಂಧನೂರಿನ ಭತ್ತ, ಹಟ್ಟಿಯ ಚಿನ್ನ, ಮುದಗಲ್ಲಿನ ಮೊಹರಂ. ಊರ ಹೆಸರು ಬರೀ ವಿಳಾಸವಲ್ಲ, ಪಕ್ಷ ವಹಿಸಲು ಕೊಡುವ ಕಾರಣ.

ಬುಲ್ಸ್ ತಂಡದಲ್ಲಿ ಬೆಂಗಳೂರಿನವರು ಎಷ್ಟಿದ್ದರು ಎಂದು ಯಾರಾದರೂ ಕೇಳಬಹುದು. ನಿಜ, ಪವನ್ ದೆಹಲಿಯವನು. ಊರ ಹೆಸರು ಅಲ್ಲೊಂದು ವ್ಯಾಪಾರದ ಕಟ್ಟುಕಥೆ. ಆದರೆ ಕಟ್ಟುಕಥೆ ನಿಂತದ್ದು ಜನ ಅದರೊಳಗೆ ಕಾಲಿಟ್ಟಿದ್ದರಿಂದ. ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಿರುವ, 1956ರವರೆಗೆ ಆ ರಾಜ್ಯದಲ್ಲೇ ಇದ್ದ ಈ ಸೀಮೆಯ ಹುಡುಗ ಬುಲ್ಸ್ ನನ್ನದು ಎಂದು ಕೂಗುತ್ತಾನೆ. ಪಕ್ಕದವನು ಅವನನ್ನು ಕೆಣಕಲೆಂದೇ ತೆಲುಗು ಟೈಟನ್ಸ್ ಎನ್ನುತ್ತಾನೆ. ಜಗಳ ಶುರುವಾಯಿತೆಂದರೆ ಕಥೆಯೂ ಶುರು. ಮಂಜಿನ ಪರವಾಗಿ ಬೆಂಕಿಯ ಮೇಲೆ ಯಾರು ಜಗಳಕ್ಕೆ ಹೋಗುತ್ತಾರೆ?

ಇಲ್ಲೊಂದು ಕಾಕತಾಳೀಯವಿದೆ. ಅದೇ ಜುಲೈ ಕೊನೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಇನ್ನೊಂದು ಮಹಿಳಾ ಫೈನಲ್ ನಡೆಯಿತು, ನೆಟ್‌ಬಾಲಿನದು. ಬ್ಯಾಸ್ಕೆಟ್‌ಬಾಲಿನಿಂದ ಕವಲೊಡೆದ ಆಟ. ಏಳು ಜನ, ಚೆಂಡು ನೆಲಕ್ಕೆ ಬಡಿಯುತ್ತ ಓಡುವಂತಿಲ್ಲ, ಅಂಗಿಯ ಮೇಲಿನ ಅಕ್ಷರ ಯಾರು ಅಂಗಳದ ಯಾವ ಭಾಗಕ್ಕೆ ಹೋಗಬಹುದೆಂದು ಹೇಳುತ್ತದೆ. ಗೆದ್ದ ತಂಡದ ಹೆಸರು ಕ್ವೀನ್ಸ್‌ಲ್ಯಾಂಡ್ ಫೈರ್‌ಬರ್ಡ್ಸ್. ನಮ್ಮದೂ ಬೆಂಕಿ ಹಕ್ಕಿ, ಅವರದೂ ಬೆಂಕಿ ಹಕ್ಕಿ. ಅವರದರ ಹಿಂದೆ ಒಂದು ನಾಡಿತ್ತು. ಎರಡು ಸಲ ಹೆಚ್ಚುವರಿ ಅವಧಿ ಆಡಿ 69–67ರಿಂದ ನ್ಯೂ ಸೌತ್ ವೇಲ್ಸ್ ಸ್ವಿಫ್ಟ್ಸ್ ತಂಡವನ್ನು ಮಣಿಸಿದರು. ಹಿಂದಿನ ವರ್ಷವೂ ಅದೇ ತಂಡದ ಮೇಲೆ ಒಂದೇ ಗೋಲಿನ ಅಂತರದಲ್ಲಿ ಗೆದ್ದಿದ್ದರು. ಇದರಲ್ಲಿ ಸೇಡಿದೆ, ಸರಣಿಯಿದೆ, ಮುಂದಿನ ವರ್ಷ ಏನಾದೀತೆಂಬ ಕಾತರವಿದೆ. ಆ ಲೀಗ್ ಆ ವರ್ಷಕ್ಕೇ ಮುಗಿಯಿತು. 2017ರಲ್ಲಿ ಎಂಟು ತಂಡಗಳ ಹೊಸ ಲೀಗ್ ಬಂದಾಗ ಫೈರ್‌ಬರ್ಡ್ಸ್ ಅದೇ ಹೆಸರಿನಲ್ಲಿ ಅದರೊಳಗೆ ನಡೆದುಬಂದರು. ಲೀಗ್ ಸತ್ತರೂ ತಂಡ ಉಳಿಯಿತು. ನಮ್ಮ ಫೈರ್ ಬರ್ಡ್ಸ್‌ಗೆ ಎರಡನೇ ಸೀಸನ್ನೇ ಇರಲಿಲ್ಲ. 2023ರಲ್ಲಿ ಬೇರೆ ಆಯೋಜಕರು ಮಹಿಳೆಯರಿಗಾಗಿ ಒಂದು ಲೀಗ್ ಮಾಡಿದರು. ಈ ಸಲ ತಂಡಗಳ ಹೆಸರಿಗೆ ಊರು, ರಾಜ್ಯ ಸೇರಿದವು, ಆಟ ಮಾತ್ರ ದುಬೈಗೆ ಹೋಯಿತು.

ಹೆಸರಿನ ವಿಷಯಕ್ಕೆ ಇಷ್ಟು ಮಹತ್ವವೇ ಎನ್ನುವವರಿಗೆ ಮಸ್ಕಿ ಹತ್ತಿರದಲ್ಲೇ ಇದೆ. ಅಶೋಕನ ಶಾಸನಗಳು ಹೆಚ್ಚಿನ ಕಡೆ ಬಿರುದನ್ನಷ್ಟೇ ಹೇಳುತ್ತವೆ: ದೇವಾನಾಂಪ್ರಿಯ, ಪ್ರಿಯದರ್ಶಿ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಯ ಮೇಲೆ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು. ಬಿರುದು ಯಾರದೆಂಬ ಊಹೆಗೆ ಅಲ್ಲಿ ಗಟ್ಟಿ ಆಧಾರ ಸಿಕ್ಕಿತು. ಸ್ಟಾರ್ಮ್ ಕ್ವೀನ್ಸ್ ಎಂಬುದೂ ಬಿರುದೇ. ಅದರ ಕೆಳಗೆ ತೇಜಸ್ವಿನಿ ಎಂದು ಕೊರೆಯುವ ಕೆಲಸ ಬರೆಯುವವರದಾಗಿತ್ತು. ನಾವು ಮಾಡಲಿಲ್ಲ. ನಮ್ಮ ಕ್ರೀಡಾಪುಟಗಳಿಗೆ ಇವತ್ತಿಗೂ ‘ವನಿತೆಯರು’ ಎಂಬ ಪದದ ಮೇಲೆ ವಿಚಿತ್ರ ಪ್ರೀತಿ. ಹುಡುಗರು ಸೋತರೆ ಇಂತಿಂಥವನ ದಾಳಿ ಫಲಿಸಲಿಲ್ಲ ಎಂದು ವಿವರ; ಹುಡುಗಿಯರು ಗೆದ್ದರೆ ‘ವನಿತೆಯರ ಮಡಿಲಿಗೆ ಚಿನ್ನ’. ಮಡಿಲಂತೆ! ತೋಳು, ತೊಡೆ, ಉಸಿರು ಇವೆಲ್ಲ ಎಲ್ಲಿ ಹೋದವು?

ಸಿನಿಮಾ ಕೂಡ ಇದನ್ನೇ ಮಾಡಿತು. 2020ರ ಹಿಂದಿ ‘ಪಂಗಾ’ದಲ್ಲಿ ರೈಲ್ವೆಯಲ್ಲಿ ಕೆಲಸ ಮಾಡುವ ತಾಯಿಯೊಬ್ಬಳು ಮತ್ತೆ ಕಬಡ್ಡಿಗೆ ಮರಳುತ್ತಾಳೆ. ಚೆಂದದ ಚಿತ್ರ, ಮನೆಯ ದೃಶ್ಯಗಳು ಬಹಳ ಚೆಂದ. ಆದರೆ ಅಂಗಳಕ್ಕೆ ಬಂದಾಗಲೆಲ್ಲ ಅದಕ್ಕೆ ಗಂಡ ಮಗ ಏನು ಅಂದುಕೊಳ್ಳುತ್ತಾರೆ ಎಂಬ ಚಿಂತೆ. ಆಟಗಾರ್ತಿ ಒಬ್ಬ ಎದುರಾಳಿಯನ್ನು ಹೇಗೆ ಓದುತ್ತಾಳೆ, ಎರಡು ಬರಿದಾದ ದಾಳಿಗಳ ನಂತರದ ಮಾಡು ಇಲ್ಲವೇ ಮಡಿ ದಾಳಿಗೆ ಹೋಗುವಾಗ ಅವಳ ತಲೆಯಲ್ಲಿ ಏನು ಓಡುತ್ತದೆ ಎನ್ನುವಲ್ಲಿ ಚಿತ್ರ ನಿಲ್ಲುವುದೇ ಇಲ್ಲ. ನನಗೆ ಬೇಕಾದದ್ದು ಅದು.

ಕಬಡ್ಡಿಯಲ್ಲಿ ಔಟಾದವಳು ಹೊರಗೆ ಕೂತು ಕಾಯುತ್ತಾಳೆ. ತನ್ನವಳೊಬ್ಬಳು ಎದುರಾಳಿಯನ್ನು ಔಟ್ ಮಾಡಿದರೆ ಮತ್ತೆ ಒಳಗೆ ಬರುತ್ತಾಳೆ. ತಂಡ ಎಂದರೇನು ಎಂಬುದನ್ನು ಇಷ್ಟು ನೇರವಾಗಿ ಹೇಳುವ ನಿಯಮ ಬೇರೆ ಆಟದಲ್ಲಿ ನಾನು ಕಂಡಿಲ್ಲ. ಲಿಂಗಸುಗೂರು, ಮಸ್ಕಿಗಳಿಂದ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿನಿಯರಲ್ಲಿ ಹೈಸ್ಕೂಲಿನವರೆಗೆ ಆಡಿ ಬಿಟ್ಟವರಿದ್ದಾರೆ. ಯಾಕೆ ಬಿಟ್ಟಿರಿ ಎಂದರೆ ನಗುತ್ತಾರೆ. “ಮನ್ಯಾಗ ಬ್ಯಾಡ ಅಂದ್ರು ರೀ” ಎಂದಳು ಒಬ್ಬಳು. ಅವಳ ದನಿಯಲ್ಲಿ ದೂರಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿತು.

ಮೊನ್ನೆ ಅದೇ ಫೈನಲ್ಲಿನ ತುಣುಕುಗಳನ್ನು ತರಗತಿಯಲ್ಲಿ ತೋರಿಸಿ ವರದಿ ಬರೆಯಲು ಹೇಳಿದೆ. ಶುರುವಿಗೇ ಹಿಂದಿನ ಬೆಂಚಿನಿಂದ ಪ್ರಶ್ನೆ: “ಇದ್ರಾಗ ನಮ್ ಟೀಮ್ ಯಾವುದ್ರೀ ಮೇಡಂ?” ನನ್ನ ಬಳಿ ಉತ್ತರವಿರಲಿಲ್ಲ. ಹೆಚ್ಚಿನವರು ಬೆಂಕಿ, ಬಿರುಗಾಳಿ ಎಂದು ಉಪಮೆಗಳಲ್ಲಿ ಉರುಳಾಡಿದರು. ಹೆಸರುಗಳೇ ಹಾಗಿರುವಾಗ ಅವರ ತಪ್ಪೇನಲ್ಲ. ಮನೆಯಲ್ಲಿ ಬೇಡ ಅನ್ನಿಸಿಕೊಂಡ ಆ ಹುಡುಗಿಯ ವರದಿಯಲ್ಲಿ ತಂಡಗಳ ಹೆಸರು ಒಂದು ಕಡೆಯೂ ಇರಲಿಲ್ಲ. “ಮಮತಕ್ಕ ಎಡಗಾಲು ಮುಂದಿಟ್ಟು ನಿಂತಾಳ, ಅಂದ್ರ ಬೋನಸ್ ತಗೊಳ್ಳಾಕ ಬಿಡಂಗಿಲ್ಲ ಅಂತ” ಎಂದು ಮೂರನೇ ಸಾಲಿನಲ್ಲೇ ಬರೆದಿದ್ದಳು. ಎರಡು ಪುಟ ಪೂರ್ತಿ ಕಾಲು, ಕೈ, ಗೆರೆ, ಉಸಿರಿನದೇ ಮಾತು. ಮೇಲೆ ಶೀರ್ಷಿಕೆ ಹೀಗಿತ್ತು: ತೇಜಸ್ವಿನಿ ಅಕ್ಕನ ಕಡೆಯವ್ರು 24, ಮಮತಕ್ಕನ ಕಡೆಯವ್ರು 23.