ಯಾರೂ ಹುಡುಕದವನ ಗುರುತು

1957ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಪ್ರದೇಶದಲ್ಲಿ, ಮಗುವಿನ ತೊಟ್ಟಿಲನ್ನಿಟ್ಟು ಮಾರುವ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಪುಟ್ಟ ಹುಡುಗನ ಶವ ಸಿಕ್ಕಿತು. ಮೈಮೇಲೆಲ್ಲ ಪೆಟ್ಟಿನ ಗುರುತು, ಹೊಟ್ಟೆಗಿಲ್ಲದೆ ಬಡಕಲಾದ ದೇಹ. ಕೂದಲನ್ನು ಮಾತ್ರ ಯಾರೋ ಆಗಷ್ಟೇ ಕತ್ತರಿಸಿದ್ದರು. ‘ಪೆಟ್ಟಿಗೆಯ ಹುಡುಗ’ನೆಂದೇ ಹೆಸರಾದ ಇವನು ನಾಲ್ಕು ವರ್ಷದ ಜೋಸೆಫ್ ಆಗಸ್ಟಸ್ ಜರೆಲ್ಲಿ ಎಂದು ಪೊಲೀಸರು ಪ್ರಕಟಿಸಿದ್ದು 2022ರ ಡಿಸೆಂಬರ್ 8ರಂದು. ವಂಶಾವಳಿಯ ಜಾಡು ಹಿಡಿಯುವ ಡಿಎನ್‌ಎ ಶೋಧದ ಗೆಲುವು ಇದೆಂದು ಲೋಕ ಕೊಂಡಾಡಿತು. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಈ ವಿಧಾನ ಮಾಡಿದ್ದೇನು, ಮಾಡದೆ ಉಳಿದದ್ದೇನು ಎಂಬುದನ್ನೂ ನೋಡಬೇಕು.

ಹಳೆಯ ತನಿಖೆಯಲ್ಲಿ ಶ್ರಮಕ್ಕೆ ಕೊರತೆಯಿರಲಿಲ್ಲ. ಪೆಟ್ಟಿಗೆ ಯಾವ ಅಂಗಡಿಯದೆಂದು ಪತ್ತೆಯಾಯಿತು. ಹುಡುಗನ ಚಿತ್ರವಿದ್ದ ಸುಮಾರು 4 ಲಕ್ಷ ಕರಪತ್ರಗಳು ಅಚ್ಚಾಗಿ, ಗ್ಯಾಸ್ ಬಿಲ್ಲಿನ ಜೊತೆಗೂ ಮನೆಮನೆ ತಲುಪಿದವು. ಶವಕ್ಕೆ ಬಟ್ಟೆ ತೊಡಿಸಿ, ಕೂರಿಸಿ ಫೋಟೊ ತೆಗೆದದ್ದೂ ಉಂಟು. ಈ ಮುಖವನ್ನು ಬಲ್ಲವರೊಬ್ಬರು ಎಲ್ಲಾದರೂ ಇರುತ್ತಾರೆ, ಅವರು ಬಾಯಿ ಬಿಡುತ್ತಾರೆ ಎಂಬ ನಂಬಿಕೆ ಈ ಎಲ್ಲ ಪ್ರಯತ್ನಗಳ ಬೆನ್ನಿಗಿತ್ತು. ಯಾರೂ ಬಾಯಿ ಬಿಡಲಿಲ್ಲ. 1998ರಲ್ಲಿ ಸಮಾಧಿ ತೆಗೆದು ಹಲ್ಲಿನಿಂದ ಡಿಎನ್‌ಎ ಪಡೆದಾಗಲೂ ಹೋಲಿಸಿ ನೋಡಲು ರಕ್ತಸಂಬಂಧಿ ಬೇಕಿತ್ತು, ಇರಲಿಲ್ಲ.

ಆ ಖಾಲಿ ಜಾಗವನ್ನು ಊಹೆಗಳು ತುಂಬಿದವು. ಶವಪರೀಕ್ಷಾ ಕಚೇರಿಯ ರೆಮಿಂಗ್ಟನ್ ಬ್ರಿಸ್ಟೊ 1993ರಲ್ಲಿ ಸಾಯುವವರೆಗೂ ಪರರ ಮಕ್ಕಳನ್ನು ಸಾಕುತ್ತಿದ್ದ ಒಂದು ಮನೆಯನ್ನೇ ಶಂಕಿಸುತ್ತಿದ್ದರು. 2002ರಲ್ಲಿ ಮಹಿಳೆಯೊಬ್ಬರು ತಮ್ಮ ತಾಯಿಯೇ ಈ ಹುಡುಗನನ್ನು ಕೊಂಡುತಂದು ಕೊಂದಳೆಂದರು. ಯಾವುದೂ ಸಾಬೀತಾಗಲಿಲ್ಲ. ಸತ್ತವನು ಯಾರೆಂದೇ ಗೊತ್ತಿಲ್ಲದಾಗ ಯಾರ ಮೇಲೆ ಬೇಕಾದರೂ ಕೊಲೆಯ ಕತೆ ಕಟ್ಟಬಹುದು.

2019ರಲ್ಲಿ ಶವವನ್ನು ಮತ್ತೆ ಹೊರತೆಗೆದರು. ತಮ್ಮ ಪೂರ್ವಜರನ್ನು ತಿಳಿಯುವ ಆಸೆಯಿಂದ ಸಾಮಾನ್ಯ ಜನ ಒಪ್ಪಿಸಿದ ಡಿಎನ್‌ಎಯ ಸಂಗ್ರಹದಲ್ಲಿ ದೂರದ ಸಂಬಂಧಿಗಳು ಸಿಕ್ಕರು. ಅವರಿಂದ ಮೇಲಕ್ಕೆ ಹೋಗಿ ಸಮಾನ ಪೂರ್ವಜರನ್ನು ಹಿಡಿದು, ಅಲ್ಲಿಂದ ಕೆಳಗಿಳಿದು ತಾಯಿಯ ಮನೆತನ ತಲುಪಿದರು. ಈ ವಿಧಾನದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ: ಸತ್ತವನನ್ನು ಯಾರೂ ಹುಡುಕುತ್ತಿರಬೇಕಾಗಿಲ್ಲ, ಅವನು ಹುಟ್ಟಿದ್ದನೆಂದು ತಿಳಿದಿರಬೇಕಾಗಿಯೂ ಇಲ್ಲ. ಆದರೆ ಕೊನೆಯ ಗಂಟು ಬಿಚ್ಚಿದ್ದು ಪ್ರಯೋಗಾಲಯದಲ್ಲಲ್ಲ. ನ್ಯಾಯಾಲಯದ ಆದೇಶ ಪಡೆದು ತೆಗೆಸಿದ ಜನನ ದಾಖಲೆಯಲ್ಲಿ ಹುಡುಗನ ಹೆಸರೂ ತಂದೆಯ ಹೆಸರೂ ಇದ್ದವು. 1953ರಿಂದ ಆ ಕಾಗದ ಸರ್ಕಾರಿ ಕಡತದಲ್ಲೇ ಇತ್ತು. ಯಾವ ಕಡತ ತೆರೆಯಬೇಕೆಂದು ತೋರಿಸಿದ್ದು ಡಿಎನ್‌ಎ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಾದರಿ ಕೊಟ್ಟವನ ಒಪ್ಪಿಗೆ ಅವನ ಇಡೀ ವಂಶದ ಒಪ್ಪಿಗೆಯಲ್ಲ. ಇಂಥ ಆಕ್ಷೇಪಗಳ ನಡುವೆಯೇ, ಇಂಥದೊಂದು ಡಿಎನ್‌ಎ ಸಂಗ್ರಹ ನಡೆಸುವ ಜಿಇಡಿಮ್ಯಾಚ್ ಸಂಸ್ಥೆ 2019ರಲ್ಲಿ, ಬಳಕೆದಾರರು ತಾವಾಗಿ ಒಪ್ಪದ ಹೊರತು ಅವರ ಮಾಹಿತಿಯನ್ನು ಅಪರಾಧ ತನಿಖೆಗೆ ಕೊಡುವುದಿಲ್ಲವೆಂದು ನಿಯಮ ಬದಲಿಸಿತು. ಜೋಸೆಫ್‌ನ ಒಡಹುಟ್ಟಿದವರು ಬದುಕಿದ್ದಾರೆಂಬ ಕಾರಣಕ್ಕೆ ಪೊಲೀಸರು ತಂದೆತಾಯಿಯ ಹೆಸರನ್ನು ಅಂದು ಹೇಳಲಿಲ್ಲ. ಅದು ಸರಿಯಾದ ನಡೆ. ಗುರುತು ಸಿಕ್ಕ ಮಾತ್ರಕ್ಕೆ ಹೆತ್ತವರು ಅಪರಾಧಿಗಳಾಗುವುದಿಲ್ಲ. ಅಂದು ಯಾರ ಮೇಲೂ ಆರೋಪ ದಾಖಲಾಗಿರಲಿಲ್ಲ. ಹೆಸರು ಸಿಕ್ಕಿದ್ದನ್ನೇ ನ್ಯಾಯ ಸಿಕ್ಕಿತೆಂದು ಬರೆದವರು ತನಿಖೆಯ ಮೊದಲ ಮೆಟ್ಟಿಲನ್ನು ಕೊನೆಯದೆಂದು ತಿಳಿದರು.

ನಮ್ಮಲ್ಲಿ ‘ಅಪರಿಚಿತ ಶವ ಪತ್ತೆ’ ಎಂಬ ಪ್ರಕಟಣೆ ಇಂದಿಗೂ ಚಹರೆ, ಬಟ್ಟೆ, ಹಚ್ಚೆ ವಿವರಿಸಿ ಬಲ್ಲವರಿಗಾಗಿ ಕಾಯುತ್ತದೆ. ಫಿಲಡೆಲ್ಫಿಯಾದ ವಿಧಾನವನ್ನು ಹಾಗೇ ಇಲ್ಲಿಗೆ ತರಲಾಗದು: ಆ ಡಿಎನ್‌ಎ ಸಂಗ್ರಹಗಳಲ್ಲಿರುವವರು ಬಹುಪಾಲು ಯುರೋಪ್ ಮೂಲದವರು; ಹುಟ್ಟೇ ದಾಖಲಾಗದವನ ಕಡತವನ್ನು ಯಾವ ವಂಶವೃಕ್ಷವೂ ತೋರಿಸದು. ಕೇಂದ್ರದ 2019ರ ಡಿಎನ್‌ಎ ಮಸೂದೆಯಲ್ಲಿ ಕಾಣೆಯಾದವರಿಗೂ ಅಪರಿಚಿತ ಮೃತರಿಗೂ ಬೇರೆಬೇರೆ ಸೂಚಿಗಳಿದ್ದವು. 2023ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅದು ಜಾರಿಯಾಗಿದ್ದರೂ ಕಾಣೆಯಾದವನನ್ನು ಹುಡುಕಿ ಬಂದ ಬಂಧುಗಳಿಗೆ ನೆರವಾಗುತ್ತಿತ್ತೇ ಹೊರತು ಜೋಸೆಫ್‌ನಂಥವನಿಗಲ್ಲ. ಅಂಥ ಕಾನೂನು ಮತ್ತೆ ಬಂದಾಗ ಮೊದಲು ಕೇಳಬೇಕಾದದ್ದು, ದೂರು ಕೊಡಲು ಯಾರೂ ಇಲ್ಲದವರಿಗೆ ಅದರಲ್ಲಿ ಏನಿದೆ ಎಂದು.