75 ನಿಮಿಷದ ಗುರಿ

ಗುರಿ ಇಟ್ಟುಕೊಳ್ಳೋದು ಹೇಗೆ ಅಂತ ಹೇಳಿಕೊಡುವ ಪುಸ್ತಕ, ಭಾಷಣ, ಆಫೀಸಿನ ಟ್ರೈನಿಂಗು ಎಲ್ಲದರ ಸಾರ ಹೆಚ್ಚುಕಮ್ಮಿ ಒಂದೇ. ಗುರಿಗೆ ಒಂದು ಸಂಖ್ಯೆ ಇರಬೇಕು. ಒಂದು ಗಡುವು ಇರಬೇಕು. ಕೇಳಿದವರು ಹುಬ್ಬೇರಿಸುವಷ್ಟು ದೊಡ್ಡದಿರಬೇಕು. 1981ರಲ್ಲಿ ಜಾರ್ಜ್ ಡೋರನ್ ಎಂಬಾತ ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ 'ಸ್ಮಾರ್ಟ್' ಗುರಿ ಅಂತ ಬರೆದ. ಅಲ್ಲಿಂದ ಇಲ್ಲಿವರೆಗೆ ಆ ಐದಕ್ಷರದಿಂದ ನಮಗೆ ಬಿಡುಗಡೆ ಇಲ್ಲ. ಪ್ರತಿ ಏಪ್ರಿಲ್‌ನಲ್ಲೂ ಅದೇ ಶೀಟು, ಅದೇ ಕಾಲಮ್ಮು.

ಈ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ತಗೊಳ್ಳುವ ಗುರಿಯೊಂದರ ಮೇಲೆ ನಾವೆಲ್ಲ ವೀಕೆಂಡಿಗೆ ಕಾರು ಓಡಿಸ್ತೀವಿ. ಬೆಂಗಳೂರಿಂದ ಮೈಸೂರಿಗೆ 75 ನಿಮಿಷ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿ. ಸುಮಾರು 118 ಕಿಲೋಮೀಟರ್, ಖರ್ಚು 8 ಸಾವಿರ ಕೋಟಿಗೂ ಮೇಲೆ. ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಪ್ರಧಾನಿಯವರೇ ಬಂದು ಉದ್ಘಾಟನೆ ಮಾಡಿದರು. ಕಾಮಗಾರಿಯನ್ನು ಎರಡು ಪ್ಯಾಕೇಜ್ ಮಾಡಿದ್ದರು. ಬೆಂಗಳೂರಿನಿಂದ ನಿಡಘಟ್ಟ 56 ಕಿಲೋಮೀಟರ್, ನಿಡಘಟ್ಟದಿಂದ ಮೈಸೂರು 61. ನಮ್ಮ ತಾಯಿಯ ತವರು ನಿಡಘಟ್ಟ. ಊರಿನ ಹೆಸರು ಇಷ್ಟು ಸಲ ಪೇಪರಲ್ಲಿ ಬಂದಿದ್ದು ಅದೇ ಮೊದಲು. ಬಂದಿದ್ದು ಮಾತ್ರ ಊರಾಗಿ ಅಲ್ಲ, ಒಂದು ಟೆಂಡರ್ ಮುಗಿದು ಇನ್ನೊಂದು ಶುರುವಾಗುವ ಗಡಿಕಲ್ಲಾಗಿ.

ಸ್ವಲ್ಪ ಲೆಕ್ಕ ಮಾಡೋಣ. 118 ಕಿಲೋಮೀಟರನ್ನು 75 ನಿಮಿಷದಲ್ಲಿ ಮುಗಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94 ದಾಟಬೇಕು. ಕಾರಿಗೆ ಮಿತಿ 100, ಮೀರಿದರೆ ಕ್ಯಾಮೆರಾ ಹಿಡಿಯುತ್ತೆ. ಮೊದಲಿಂದ ಕೊನೆವರೆಗೂ ಸರಿಯಾಗಿ 100ರಲ್ಲೇ ಹೋದರೂ 71 ನಿಮಿಷ ಬೇಕು. ಅಂದ್ರೆ ಟೋಲು, ಮಳೆ, ಮಗುವಿನ ವಾಂತಿ, ಮದ್ದೂರು ವಡೆ ಎಲ್ಲಕ್ಕೂ ಸೇರಿ ನಿಮ್ಮ ಕೈಲಿ ಉಳಿಯೋದು ನಾಲ್ಕು ನಿಮಿಷ. (ವಡೆ ಬೇಕಂದ್ರೆ ಈಗ ಬೈಪಾಸ್ ಬಿಟ್ಟು ಮದ್ದೂರೊಳಗೆ ಇಳೀಬೇಕು, ಆ ನಾಲ್ಕು ನಿಮಿಷ ಅಲ್ಲಿಗೇ ಖಲಾಸ್.) ಇನ್ನು ಗಡಿಯಾರ ಶುರುವಾಗೋದು ಕೆಂಗೇರಿ ದಾಟಿದ ಮೇಲೆ. ವೈಟ್‌ಫೀಲ್ಡಿನವರು ಕೆಂಗೇರಿ ಮುಟ್ಟೋದಕ್ಕೆ ಎಷ್ಟು ಹೊತ್ತು ಅಂತ ನಾನು ಹೇಳಬೇಕಿಲ್ಲ.

ರಸ್ತೆ ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ನಾನೂ ಅದರಲ್ಲೇ ಹೋಗಿಬರ್ತೀನಿ, ಹಳೆ ರಸ್ತೆಯ ರಾಮನಗರ, ಚನ್ನಪಟ್ಟಣದ ಜಾಮು ನೆನೆಸಿಕೊಂಡರೆ ಈಗಲೂ ತಲೆ ನೋಯುತ್ತೆ. ನನ್ನ ತಕರಾರು ಇರೋದು ಗುರಿಯ ವಾಕ್ಯದ ಬಗ್ಗೆ. 'ಬೆಂಗಳೂರಿಂದ ಮೈಸೂರಿಗೆ 75 ನಿಮಿಷ' ಅನ್ನೋ ವಾಕ್ಯದಲ್ಲಿ ಕಾರಿನೊಳಗೆ ಕೂತವನು ಮಾತ್ರ ಇದ್ದಾನೆ. ರಸ್ತೆಯನ್ನು ಅಡ್ಡ ದಾಟಬೇಕಾದವನು ಇಲ್ಲ. ಸ್ಕೂಟರಿನವನು, ಟ್ರ್ಯಾಕ್ಟರಿನವನು ಇಲ್ಲ. ಉದ್ಘಾಟನೆಯಾಗಿ ಒಂದು ವಾರ ತುಂಬುವ ಮೊದಲೇ ರಾಮನಗರದ ಹತ್ತಿರ ಮಳೆನೀರು ನಿಂತಿತು. ಹರಿಯುವ ನೀರಿಗೂ ಆ ವಾಕ್ಯದಲ್ಲಿ ಜಾಗ ಇರಲಿಲ್ಲ. ಅಪಘಾತಗಳ ಮೇಲೆ ಅಪಘಾತವಾಗಿ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಅಷ್ಟು ವೇಗದ ಕಾರುಗಳ ನಡುವೆ ಸ್ಕೂಟರ್ ಇರಬಾರದು ಅನ್ನೋದು ಸರಿಯೇ. ಆದರೆ ಅವರೆಲ್ಲ ಇದ್ದಾರೆ ಅನ್ನೋದು ಆಮೇಲೆ ಗೊತ್ತಾದ ವಿಷಯ ಅಲ್ಲವಲ್ಲ!

ನಮ್ಮ ಸೋದರಮಾವ ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಅವರ ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ. "ನಿಮಗೇನ್ಲಾ, ಮೈಸೂರು ಹತ್ರಕ್ ಬಂತು. ನಂಗೆ ನಮ್ ಹೊಲ ದೂರಕ್ ಹೋಯ್ತು."

ಒಂದೇ ಸಂಖ್ಯೆಯ ಹಿಂದೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮ್ಯಾನೇಜ್‌ಮೆಂಟಿನವರ ಹತ್ತಿರವೇ ಹಳೆಯ ಉದಾಹರಣೆ ಇದೆ. ಫೋರ್ಡ್ ಕಂಪನಿ 'ಪಿಂಟೊ' ಕಾರಿಗೆ ಇಟ್ಟ ಗುರಿ: ತೂಕ 2000 ಪೌಂಡಿನೊಳಗೆ, ಬೆಲೆ 2000 ಡಾಲರಿನೊಳಗೆ, ಅದೂ ಬೇಗ. ಕಾರು ಸಮಯಕ್ಕೆ ಸರಿಯಾಗಿ ಬಂತು. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ಹತ್ತುತ್ತಿತ್ತು. 1978ರಲ್ಲಿ ವಾಪಸ್ ಕರೆಸಬೇಕಾಯಿತು. ಖಚಿತವಾದ, ಕಷ್ಟದ ಗುರಿ ಇಟ್ಟರೆ ಜನ ಹೆಚ್ಚು ಕೆಲಸ ಮಾಡ್ತಾರೆ ಅಂತ ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ದಶಕಗಟ್ಟಲೆ ತೋರಿಸಿಕೊಟ್ಟಿದ್ದಾರೆ, ಅದು ಸುಳ್ಳಲ್ಲ. ಸಂಖ್ಯೆಗೆ ಅಷ್ಟು ಶಕ್ತಿ ಇರೋದರಿಂದಲೇ ಅದು ಬಿಟ್ಟದ್ದೆಲ್ಲ ಕಣ್ಮರೆಯಾಗೋದು.

ಇಷ್ಟು ಹೇಳಿದ ಕೂಡಲೇ ಯಾರಾದರೂ ವಿಶ್ವೇಶ್ವರಯ್ಯನವರನ್ನು ಕರೆದುಕೊಂಡು ಬರ್ತಾರೆ. ಮಂಡ್ಯ ಜಿಲ್ಲೆಯಲ್ಲಂತೂ ಬರಲೇಬೇಕು. ಆದರೆ ಭಾಷಣಗಳಲ್ಲಿ ಬರುವ ವಿಶ್ವೇಶ್ವರಯ್ಯ ಬರೀ ಪೇಟ, ಶಿಸ್ತು ಮತ್ತು ಸಮಯಪಾಲನೆ. ಕನ್ನಂಬಾಡಿ ಕಟ್ಟೆಯ ನಿಜವಾದ ಕತೆ ಅದಕ್ಕಿಂತ ತೊಡಕಿನದು, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು.

ಕೆಲಸ ಶುರುವಾಗಿದ್ದು 1911ರಲ್ಲಿ. ಮೈಸೂರಿಗೆ ಬೇಕಿದ್ದದ್ದು ಸುಮಾರು 124 ಅಡಿಯ ಕಟ್ಟೆ. ಕೆಳಗಿನ ಮದ್ರಾಸು ಒಪ್ಪಲಿಲ್ಲ. ಅನುಮತಿ ಸಿಕ್ಕಿದ್ದು ಕಡಿಮೆ ನೀರು ನಿಲ್ಲಿಸುವ ಮೊದಲ ಹಂತಕ್ಕೆ ಮಾತ್ರ. ಅಡಿಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ತಕ್ಕಂತೆ ಹಾಕಿಸಿದರು. ಪ್ರೇರಣಾ ಭಾಷಣ ಸಾಮಾನ್ಯವಾಗಿ ಇಲ್ಲೇ ಚಪ್ಪಾಳೆ ತಗೊಂಡು ಮುಗಿಯುತ್ತೆ. ಮುಂದೆ ಆಗಿದ್ದು ವರ್ಷಗಟ್ಟಲೆ ವ್ಯಾಜ್ಯ. 1918ರಲ್ಲಿ ಅವರು ದಿವಾನಗಿರಿಯನ್ನೇ ಬಿಟ್ಟರು. ಪೂರ್ತಿ ಕಟ್ಟೆಗೆ ದಾರಿ ತೆರೆದದ್ದು 1924ರ ಒಪ್ಪಂದ. ಕೆಳಗಿನವರಿಗೆ ನೀರು ಹೇಗೆ ಬಿಡಬೇಕು ಅನ್ನುವ ನಿಯಮಗಳು ಅದರಲ್ಲೇ ಇದ್ದವು. ಕಟ್ಟೆ ಮುಗಿದದ್ದು 1931ರಲ್ಲಿ, ಅವರು ಹುದ್ದೆ ಬಿಟ್ಟ 13 ವರ್ಷದ ಮೇಲೆ. ಆಮೇಲೆ ನಾಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಆ ಒಪ್ಪಂದ ನ್ಯಾಯವಾಗಿತ್ತೇ ಅಂತ ಇವತ್ತಿಗೂ ಮಂಡ್ಯದಲ್ಲಿ ಜಗಳವಿದೆ. ಆದರೆ ಕೆಳಗಿನವರನ್ನು ಲೆಕ್ಕಕ್ಕೆ ತಗೊಳ್ಳದೆ ಆ 124 ಅಡಿ ಕಾಗದದ ಮೇಲೆಯೇ ಉಳಿಯುತ್ತಿತ್ತು. ಮತ್ತೆ ಕನ್ನಂಬಾಡಿ ಅನ್ನೋದು ಒಂದು ಊರಿನ ಹೆಸರು. ಆ ಊರು ನೀರೊಳಗೆ ಹೋಯಿತು. ಆ ಜನರ ವಿಷಯವನ್ನು ಯಾವ ಗುರಿಸಾಧನೆಯ ಭಾಷಣದಲ್ಲೂ ನಾನು ಕೇಳಿಲ್ಲ.

ನಮ್ಮ ವಯಸ್ಸಿನವರ ಗುರಿಗಳನ್ನೂ ಇದೇ ಕಣ್ಣಲ್ಲಿ ಓದಬೇಕು ಅನ್ನಿಸುತ್ತೆ. ನನ್ನ ಟೀಮಿನ ಒಬ್ಬ ಹೋದ ವರ್ಷ ಫುಲ್ ಮ್ಯಾರಥಾನ್ ಓಡಿದ. 42 ಕಿಲೋಮೀಟರ್ ಚಿಲ್ಲರೆ, ಸುಮ್ಮನೆ ಮಾತಲ್ಲ. ಆರು ತಿಂಗಳು ಬೆಳಿಗ್ಗೆ ಐದಕ್ಕೆ ಕಬ್ಬನ್ ಪಾರ್ಕ್. ಆ ಆರು ತಿಂಗಳು ಎರಡು ವರ್ಷದ ಮಗುವನ್ನು ಎಬ್ಬಿಸಿ, ಹಾಲು ಕುಡಿಸಿ, ಡೇಕೇರಿಗೆ ಬಿಟ್ಟು ಎಂಟೂವರೆಯ ಕಂಪನಿ ಬಸ್ ಹಿಡಿದವರು ಅವನ ಹೆಂಡತಿ. ಅವರಿಗೂ ಆ ವರ್ಷ ಒಂದು ಸರ್ಟಿಫಿಕೇಶನ್ ಮುಗಿಸೋ ಗುರಿ ಇತ್ತು. ಅದು ಮುಂದಕ್ಕೆ ಹೋಯಿತು. ಅವನು ಕೆಟ್ಟವನಲ್ಲ, ಮೆಡಲ್ ತಂದಾಗ ಹೆಂಡತಿಗೆ ಥ್ಯಾಂಕ್ಸ್ ಹೇಳಿ ಪೋಸ್ಟ್ ಹಾಕಿದ. ಥ್ಯಾಂಕ್ಸು ಕೊನೆಯಲ್ಲಿ ಬರುತ್ತೆ. ಒಪ್ಪಿಗೆ ಕೇಳೋದು ಮೊದಲು ಆಗಬೇಕಿತ್ತು.

ನಮ್ಮ ಮನೆಯಲ್ಲಿ ಈ ಏಪ್ರಿಲ್‌ಗೆ ನನ್ನದು, ನನ್ನ ಹೆಂಡತಿಯದು ಎರಡೂ ಗುರಿ ಒಂದೇ ಹಾಳೆಯಲ್ಲಿ ಬರೆದೆವು. ಸಂಖ್ಯೆ, ಗಡುವು ಎಲ್ಲ ಹಾಕಿದೆವು. ಪಕ್ಕದಲ್ಲಿ ಇನ್ನೊಂದು ಕಾಲಮ್: ಇದಕ್ಕಾಗಿ ಯಾರು ಸುತ್ತು ಬರಬೇಕು? ನನ್ನ ಸಂಜೆ ಕ್ಲಾಸಿನ ಮುಂದೆ 'ಅಮ್ಮ, ವಾರಕ್ಕೆ ಮೂರು ದಿನ, ಆರರಿಂದ ಎಂಟು' ಅಂತ ಬರೆದು ಅಮ್ಮನಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಓದಿ, ಗುರುವಾರ ಭಜನೆ ಇದೆ, ಎರಡೇ ದಿನ ಅಂದರು. ಮೂರು ಹೊಡೆದುಹಾಕಿ ಎರಡು ಬರೆದೆವು. ಗಡುವು ಡಿಸೆಂಬರಿನಿಂದ ಮಾರ್ಚಿಗೆ ಹೋಯಿತು.